ಎಳೆಜೋಳದ ವಿಷ

ಹಾನಗಲ್ಲು ತನ್ನನ್ನು ವಿರಾಟನಗರವೆಂದು ಕರೆದುಕೊಳ್ಳುವ ಊರು. ಪಾಂಡವರು ಅಜ್ಞಾತವಾಸವನ್ನು ಇಲ್ಲಿಯೇ ಕಳೆದರೆಂದೂ, ಕೌರವರು ಹಿಡಿದೊಯ್ದ ಗೋವುಗಳನ್ನು ಬೃಹನ್ನಳೆಯ ವೇಷದ ಅರ್ಜುನನು ಇಲ್ಲಿಯ ಬಯಲಿನಲ್ಲಿಯೇ ಮರಳಿಸಿದನೆಂದೂ ಜನ ನಂಬಿಕೊಂಡು ಬಂದಿದ್ದಾರೆ. ಐತಿಹ್ಯದ ಮಾತು ಹಾಗಿರಲಿ. ದನಗಳಿಗಾಗಿ ಕಾದಾಡಿ ಮಡಿದವರ ಸಾಕ್ಷ್ಯ ಈ ಸೀಮೆಯಲ್ಲಿ ಕಲ್ಲಿನ ಮೇಲೆಯೇ ಉಂಟು. ತುರುಗೋಳಿನಲ್ಲಿ ಸತ್ತ ವೀರನು ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದು ನಿಂತು, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರ ನಡುವೆ ಮೇಲೇರಿ, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವ ವೀರಗಲ್ಲುಗಳನ್ನು ನೋಡದೆ ಈ ಭಾಗದ ಹಳ್ಳಿಗಳನ್ನು ಸುತ್ತಿ ಬರುವುದು ಸಾಧ್ಯವಿಲ್ಲ. ಕಳ್ಳರ ಕೈಯಿಂದ ದನವನ್ನು ಉಳಿಸಿದವನಿಗೆ ಕಲ್ಲು ನಿಂತಿತು. ಆದರೆ ಕಳ್ಳನೂ ಇಲ್ಲದೆ ಕಾಳಗವೂ ಇಲ್ಲದೆ, ಒಡೆಯನ ಹೊಲದಲ್ಲಿಯೇ, ಒಡೆಯನು ಬಿತ್ತಿದ ಪೈರನ್ನೇ ತಿಂದು, ಹೊತ್ತು ಮುಳುಗುವುದರೊಳಗೆ ಕಾಲು ಚಾಚಿದ ಎತ್ತು ಹಸುಗಳಿಗೆ ಯಾವ ಕಲ್ಲೂ ಇಲ್ಲ. ಆ ಸಾವುಗಳ ಚರಿತ್ರೆಯನ್ನು ರೈತರ ಕಟ್ಟಳೆಗಳಿಂದ, ದೂರದೇಶದ ರಸಾಯನಶಾಲೆಗಳಿಂದ, ತುಂಡುತುಂಡಾಗಿ ಆಯ್ದು ಜೋಡಿಸಬೇಕಾಗಿದೆ.

ಈ ಸೀಮೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳೆಂಬ ನಾಲ್ಕು ತಾಲೂಕುಗಳು 1997ರ ಆಗಸ್ಟ್ 24ರಿಂದ ಹಾವೇರಿ ಜಿಲ್ಲೆಯ ಪಾಲಿಗೆ ಬಂದವು. ಅದಕ್ಕೂ ಮೊದಲು ಇವೆಲ್ಲ ಧಾರವಾಡ ಜಿಲ್ಲೆಯವೇ. ಇಂಗ್ಲಿಷರ ಕಾಲದಲ್ಲಿ ಹಿರೇಕೆರೂರು ಕೋಡ ತಾಲೂಕಿನ ಕಚೇರಿಯ ಊರಾಗಿದ್ದಿತು, ಶಿಗ್ಗಾವಿ ಬಂಕಾಪುರ ತಾಲೂಕಿನದು. ಸವಣೂರಾದರೋ ನವಾಬರ ಪುಟ್ಟ ಸಂಸ್ಥಾನವಾಗಿದ್ದು ಸ್ವಾತಂತ್ರ್ಯದ ಮರುವರ್ಷ ಭಾರತದಲ್ಲಿ ಸೇರಿಹೋಯಿತು. ಪಡುವಣಕ್ಕೆ ಮಲೆನಾಡಿನ ಸೆರಗು, ಭತ್ತದ ಗದ್ದೆ, ಕೆರೆಗಳ ಸಾಲು. ಮೂಡಣಕ್ಕೆ ಹೋದಂತೆ ಮಸಾರಿಯೂ ಎರೆಯೂ ಬೆರೆತ ಬಯಲು. ಆ ಬಯಲಿನ ಜೀವವೆಂದರೆ ಜೋಳ. ರೊಟ್ಟಿ ಮನುಷ್ಯನಿಗೆ, ಕಣಿಕೆ ದನಕ್ಕೆ: ಒಂದೇ ಬೆಳೆಯಿಂದ ಮನೆಯೊಳಗಿನವರೂ ಕೊಟ್ಟಿಗೆಯೊಳಗಿನವರೂ ಬದುಕುವ ಇಂಥ ಏರ್ಪಾಡು ಇನ್ನಾವ ಧಾನ್ಯದಿಂದಲೂ ಇಷ್ಟು ಪೂರ್ಣವಾಗಿ ಸಾಧ್ಯವಾಗಿಲ್ಲ. ಒಡೆಯನ ಅನ್ನದ ಋಣಕ್ಕೆ ಹಳಗನ್ನಡದ ಕವಿಗಳೂ ಶಾಸನಕಾರರೂ ಇಟ್ಟ ಹೆಸರು ‘ಜೋಳದ ಪಾಳಿ’. ಅಕ್ಕಿಯ ಪಾಳಿಯೆಂದಾಗಲಿ ರಾಗಿಯ ಪಾಳಿಯೆಂದಾಗಲಿ ಅವರು ಅನ್ನಲಿಲ್ಲ. (ಅಕ್ಕಿಯೊಡನೆಯ ಜಗಳದಲ್ಲಿ ರಾಗಿಗೆ ನ್ಯಾಯ ದೊರಕಿಸಿಕೊಟ್ಟ ಕಥೆಯನ್ನು ಬರೆದ ಕನಕದಾಸರು ಇದೇ ಶಿಗ್ಗಾವಿ ತಾಲೂಕಿನ ಬಾಡದವರೆಂಬುದನ್ನು ನೆನೆದರೆ, ಜೋಳದ ಪರವಾಗಿ ವಾದಿಸುವವರಾರೂ ಆ ಕಥೆಯಲ್ಲಿ ಎದ್ದು ನಿಲ್ಲಲಿಲ್ಲವೆಂಬುದು ನನಗೆ ಕೊಂಚ ಅಸಮಾಧಾನ.)

ಇಷ್ಟು ನಮ್ಮದಾದ ಈ ಧಾನ್ಯವು ಹುಟ್ಟಿನಿಂದ ನಮ್ಮದಲ್ಲ. ಈಶಾನ್ಯ ಆಫ್ರಿಕದ ಸೂಡಾನಿನ ಬಯಲುಗಳಲ್ಲಿ ಮನುಷ್ಯನ ಕೈಗೆ ಪಳಗಿದ ಜೋಳ ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ಇಲ್ಲಿ ಬೇರೂರಿತು. ಸವಣೂರಿನ ಮಠದಂಗಳದಲ್ಲಿ ಬೆಳೆದ, ಜನ ‘ದೊಡ್ಡ ಹುಣಸೆ’ ಎಂದು ಕರೆಯುವ ಆ ಭಾರಿ ಕಾಂಡದ ಮರಗಳೂ ಆಫ್ರಿಕದ ಸಂತತಿಯೇ. ಮರಗಳನ್ನು ನೋಡಲು ಜನ ಊರೂರಿನಿಂದ ಬರುತ್ತಾರೆ. ಅದೇ ಖಂಡದಿಂದ ಬಂದ ಜೋಳವನ್ನು ಯಾರೂ ನಿಂತು ನೋಡುವುದಿಲ್ಲ. ಅದು ತನ್ನೊಡನೆ ತಂದ ಗುಟ್ಟನ್ನು ಮಾತ್ರ ದನ ಕಾಯುವವರು ಬೇಗನೆ ಅರಿತುಕೊಂಡರು.

“ಜ್ವಾಳದಾಗ ದನಾ ಬಿಡಬ್ಯಾಡೋ ತಮ್ಮಾ, ಸುಳಿ ಇನ್ನೂ ಎಳೀದೈತಿ” ಎಂಬ ಎಚ್ಚರಿಕೆಯ ಮಾತನ್ನು ಈ ಸೀಮೆಯ ಹುಡುಗರು ಮೇವಿಗೆ ದನ ಹೊಡೆದ ಮೊದಲ ದಿನವೇ ಕೇಳುತ್ತಾರೆ. ಹೊರಗಿನವನಿಗೆ ಇದು ಬೆಳೆ ಹಾಳಾದೀತೆಂಬ ಒಕ್ಕಲಿಗನ ಜಿಪುಣತನವೆಂದು ತೋರೀತು. ಆದರೆ ಕಟ್ಟಳೆಯ ಉಳಿದ ಭಾಗಗಳನ್ನು ಕೂಡಿಸಿ ನೋಡಿದರೆ ಸಂಗತಿ ಬೇರೆ: ಮಳೆ ಕೈಕೊಟ್ಟು ಮೊಳಕಾಲೆತ್ತರದಲ್ಲಿಯೇ ಮುರುಟಿದ ಪೈರಿಗೆ ದನ ಬಿಡಬಾರದು; ಬಾಡಿ ನಿಂತ ಹೊಲಕ್ಕೆ ಮಳೆ ಬಿದ್ದು ಹೊಸ ಚಿಗುರು ಒಡೆದರೆ ಅದಕ್ಕಂತೂ ಬಿಡಲೇಬಾರದು; ಕೊಯ್ದ ಹೊಲದ ಕೂಳೆಯಿಂದ ಹೊಮ್ಮಿದ ಸುಳಿ ಅದಕ್ಕಿಂತಲೂ ಕೆಟ್ಟದ್ದು; ಹಸಿದ ದನಕ್ಕೆ ಹಸಿ ಜೋಳ ಹಾಕಬಾರದು, ಮೊದಲು ಒಣ ಮೇವನ್ನು ತಿನ್ನಿಸಿರಬೇಕು; ತೆನೆ ಹೊರಟ ಮೇಲೆ, ಅಥವಾ ಕಣಿಕೆ ಒಣಗಿ ಬಣವೆಯಾದ ಮೇಲೆ ಭಯವಿಲ್ಲ. ಹಾಳಾಗಿಹೋದ ಬೆಳೆಗೇ ದನ ಬಿಡಬೇಡವೆನ್ನುವವನು ಬೆಳೆಯನ್ನು ಕಾಯುತ್ತಿಲ್ಲ, ದನವನ್ನು ಕಾಯುತ್ತಿದ್ದಾನೆ.

ಈ ಕಟ್ಟಳೆ ಮುರಿಯುವುದು ಬರಗಾಲದಲ್ಲಿ. 1876ರಲ್ಲಿ ನೈಋತ್ಯ ಮಾರುತ ಕೈಬಿಟ್ಟಿತು. ಧಾರವಾಡ, ಬೆಳಗಾವಿ, ಕಲಾದಗಿಗಳೆಂಬ ಕನ್ನಡ ಜಿಲ್ಲೆಗಳೆಲ್ಲ ಎರಡು ವರ್ಷ ಬೆಂದವು. ಬರಪರಿಹಾರದ ಮೇಲ್ವಿಚಾರಣೆಗೆ ಬಂದ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರ ಕಾಮಗಾರಿಯ ಕೂಲಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಲೆಕ್ಕ ಹಾಕಿದ್ದು ಆಗಲೇ. ಈ ಸೀಮೆಯ ತತ್ತ್ವಪದಕಾರ ಶಿಶುನಾಳದ ಶರೀಫರು, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಆ ಬರವನ್ನು ತಮ್ಮ ಐವತ್ತೇಳನೆಯ ವಯಸ್ಸಿನಲ್ಲಿ ಕಂಡರು. ಬಣವೆಗಳು ಬರಿದಾಗಿ, ಹುಲ್ಲುಗಾವಲುಗಳು ಕೆಂಪು ನೆಲವಾಗಿ, ಹಸಿರೆಂಬುದು ಹೊಲದಲ್ಲಿ ಅರೆಬೆಳೆದು ನಿಂತ ಜೋಳದ ಸುಳಿಯೊಂದರಲ್ಲಿ ಮಾತ್ರ ಉಳಿದಿರುವಾಗ, ಎಲುಬು ಎಣಿಸಬಹುದಾದ ಎತ್ತು ಹಗ್ಗ ಕಿತ್ತುಕೊಂಡು ಅಲ್ಲಿಗೆ ನುಗ್ಗಿದರೆ ತಡೆಯುವವನು ಯಾರು? ಪೈರು ಅತ್ಯಂತ ವಿಷಮಯವಾಗಿರುವ ಕಾಲವೂ ದನ ಅತ್ಯಂತ ಹಸಿದಿರುವ ಕಾಲವೂ ಒಂದೇ ಆಗಿರುವುದು ಈ ವಿಷದ ಕ್ರೂರವಾದ ಲಕ್ಷಣ. ತಿಂದ ಕಾಲು ಗಂಟೆಯೊಳಗೆ ಉಸಿರು ಏರುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಕಾಲು ತತ್ತರಿಸುತ್ತವೆ, ದನ ಉರುಳಿ ಒದ್ದಾಡಿ ಸಾಯುತ್ತದೆ. ನೋಡಿದವರು ಹಾವು ಮುಟ್ಟಿತೆಂದರು, ದೃಷ್ಟಿ ತಾಕಿತೆಂದರು, ಹೊಟ್ಟೆ ಉಬ್ಬರಿಸಿತೆಂದರು. ಬರಗಾಲದ ಲೆಕ್ಕದಲ್ಲಿಯಾದರೋ ಹಸಿವಿನಿಂದ ಸತ್ತ ಎತ್ತಿಗೂ ತಿಂದು ಸತ್ತ ಎತ್ತಿಗೂ ಒಂದೇ ಸಾಲು.

ಉತ್ತರ ಹಿಂದುಸ್ಥಾನದಲ್ಲಿಯೂ 1877ರ ಕ್ಷಾಮದಲ್ಲಿ ಇದೇ ಬಗೆಯಿಂದ ದನಗಳು ಸತ್ತವು; ವಾಯವ್ಯ ಪ್ರಾಂತಗಳ ಬೆಳೆಗಳನ್ನು ಕುರಿತು ಡತಿ ಮತ್ತು ಫುಲ್ಲರರು 1882ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಪ್ರಸ್ತಾಪ ಬಂದಿತು. ಮುಂದಿನ ದಶಕದಲ್ಲಿ ಪಂಜಾಬಿನ ಪಶುವೈದ್ಯಾಧಿಕಾರಿ ಪೀಸ್ ಎಂಬವನು ದಂಟನ್ನು ಪರೀಕ್ಷಿಸಿ, ಅದರಲ್ಲಿ ಹೇರಳವಾಗಿ ಕಂಡುಬಂದ ಪೆಟ್ಲುಪ್ಪನ್ನೇ, ಎಂದರೆ ನೈಟ್ರೇಟನ್ನೇ, ಅಪರಾಧಿಯೆಂದು ನಿರ್ಣಯಿಸಿದನು. ವಿದ್ವಾಂಸರು ಬಹುಬೇಗ ಈ ನಿರ್ಣಯವನ್ನು ಬದಿಗಿಟ್ಟರು. ಅದು ಪೂರ್ತಿ ತಪ್ಪಾಗಿರಲಿಲ್ಲವೆಂಬುದು ಮುಂದೆ ತಿಳಿಯಲಿದೆ.

ನಿಜವಾದ ಬಾಗಿಲು ತೆರೆದದ್ದು ಈಜಿಪ್ತಿನಿಂದ ತರಿಸಿದ ಎಳೆಜೋಳದಲ್ಲಿ. ಲಂಡನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನ ವಿಂಡ್‌ಹ್ಯಾಮ್ ಡನ್‌ಸ್ಟನ್ ಮತ್ತು ಥಾಮಸ್ ಹೆನ್ರಿ ಎಂಬ ಇಬ್ಬರು ರಸಾಯನಜ್ಞರು 1902ರಲ್ಲಿ ಆ ಎಲೆಗಳಿಂದ ಒಂದು ಸ್ಫಟಿಕರೂಪದ ವಸ್ತುವನ್ನು ಬೇರ್ಪಡಿಸಿದರು. ಜೋಳಕ್ಕೆ ಅರಬ್ಬಿಯಲ್ಲಿ ‘ಧುರ್ರ’ ಎಂದು ಹೆಸರು. ಅದರಿಂದ ಆ ವಸ್ತುವಿಗೆ ‘ಧುರ್ರಿನ್’ ಎಂದಾಯಿತು. ವಿಚಿತ್ರವೆಂದರೆ ಧುರ್ರಿನ್ ತಾನಾಗಿ ಕೊಲ್ಲುವ ಪದಾರ್ಥವಲ್ಲ. ಸಕ್ಕರೆಯ ಕಣವೊಂದರೊಡನೆ ಬಿಗಿದುಕೊಂಡು ಅದು ಸೌಮ್ಯವಾಗಿ ಕುಳಿತಿರುತ್ತದೆ. ಎಲೆಯಲ್ಲಿಯೇ ಇರುವ ಒಂದು ಕಿಣ್ವ ಬಂದು ಆ ಬಿಗಿಯನ್ನು ಕಡಿದರೆ ಸಕ್ಕರೆ ಒಂದು ಕಡೆಗಾಗಿ, ಇನ್ನೊಂದು ಕಡೆಗೆ ಪ್ರಸ್ಸಿಕ್ ಆಮ್ಲವೆಂದು ಪ್ರಸಿದ್ಧವಾದ ಹೈಡ್ರೊಸಯನಿಕ್ ಆಮ್ಲ ಹೊರಬೀಳುತ್ತದೆ. 1906ರ ಹೊತ್ತಿಗೆ ಪೂಸಾದಲ್ಲಿದ್ದ ಸರಕಾರದ ಕೃಷಿ ರಸಾಯನಜ್ಞ ಲೆದರ್ ಎಂಬವನು ಸಸ್ಯಗಳ ಈ ಸಯನೈಡನ್ನು ಕುರಿತು ಭಾರತದ ಓದುಗರಿಗೆ ಬರೆದನು.

ಹಾಗಾದರೆ ಪೈರು ತನ್ನ ವಿಷದಿಂದ ತಾನೇ ಏಕೆ ಸಾಯುವುದಿಲ್ಲ? ಇದಕ್ಕೆ ಉತ್ತರ ದೊರೆತದ್ದು 1979ರಲ್ಲಿ, ಎಂದರೆ ಬಹಳ ತಡವಾಗಿ. ಧುರ್ರಿನ್ ಎಲೆಯ ಹೊರಪೊರೆಯ ಕೋಶಗಳ ಚೀಲಗಳಲ್ಲಿಯೂ, ಅದನ್ನು ಒಡೆಯುವ ಕಿಣ್ವ ಒಳಗಣ ಹಸಿರು ಕೋಶಗಳಲ್ಲಿಯೂ ಬೇರೆ ಬೇರೆಯಾಗಿ ಇರುತ್ತವೆಂದು ಅಮೆರಿಕದ ಸಂಶೋಧಕರು ತೋರಿಸಿದರು. ಅತ್ತೆ ಸೊಸೆಯರನ್ನು ಬೇರೆ ಮನೆಯಲ್ಲಿಟ್ಟಂತೆ! ದನ ಎಲೆಯನ್ನು ಅಗಿದಾಗ ನಡುಗೋಡೆ ಬೀಳುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಆಮ್ಲತೆ ಕಡಮೆ, ನೀರು ಹೇರಳ, ಅಲ್ಲಿಯ ಸೂಕ್ಷ್ಮಜೀವಿಗಳೂ ಇದೇ ಕೆಲಸಕ್ಕೆ ನೆರವಾಗುತ್ತವೆ. ಆದ್ದರಿಂದ ಕುದುರೆ ಹಂದಿಗಳಿಗಿಂತ ಎತ್ತು ಎಮ್ಮೆಗಳೇ ಇದಕ್ಕೆ ಹೆಚ್ಚಾಗಿ ಬಲಿಯಾಗುತ್ತವೆ. ರಕ್ತಕ್ಕೆ ಸೇರಿದ ಸಯನೈಡು ಜೀವಕೋಶಗಳು ಪ್ರಾಣವಾಯುವನ್ನು ಬಳಸಿಕೊಳ್ಳುವ ಯಂತ್ರವನ್ನೇ ಹಿಡಿದು ನಿಲ್ಲಿಸುತ್ತದೆ. ರಕ್ತದಲ್ಲಿ ಪ್ರಾಣವಾಯು ತುಂಬಿರುತ್ತದೆ, ಕೊಳ್ಳುವವರಿಲ್ಲ; ಅದಕ್ಕಾಗಿಯೇ ಹೀಗೆ ಸತ್ತ ದನದ ರಕ್ತ ಮೊದಮೊದಲು ಉಜ್ವಲವಾದ ಕೆಂಪು. ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ಸುಮಾರು ಎರಡು ಮಿಲಿಗ್ರಾಂ ಆಮ್ಲ ಸಾಕು. ಕಿಲೋವೊಂದರಲ್ಲಿ 200 ಮಿಲಿಗ್ರಾಂ ಇರುವ ಹಸಿ ಮೇವನ್ನು ಅಪಾಯದ ಗಡಿಯೆಂದು ಎಣಿಸುತ್ತಾರೆ; 300 ಕಿಲೋ ತೂಗುವ ಎತ್ತಿಗೆ ಆ ಮೇವಿನಲ್ಲಿ ಮೂರು ಕಿಲೋ, ಎಂದರೆ ಒಂದು ಚಿಕ್ಕ ಹೊರೆಯೂ ಅಲ್ಲ.

ಇನ್ನು ಈ ವಿಷವನ್ನು ಕಂಡುಹಿಡಿಯುವ ಕಥೆ. ವಿಷಪತ್ತೆಯ ವಿದ್ಯೆ ಈ ನಾಡಿಗೆ ಹೊಸದಲ್ಲ. ನೆಲದೊಳಗೆ ಧಾನ್ಯ ತುಂಬಿಡುವ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದೆ ನಿಂತರೆ ಆಮೇಲೆ ಮನುಷ್ಯ ಇಳಿಯಬೇಕು. ಆರಿದ ದೀಪ ಒಂದು ರಸಾಯನ ಪರೀಕ್ಷೆಯಲ್ಲದೆ ಮತ್ತೇನು? ಸಯನೈಡಿನ ಮೊದಲ ಪರೀಕ್ಷೆಯೂ ಇಂಥದೇ ಸೊಗಸಿನದು. 1706ರ ಸುಮಾರಿಗೆ ಬರ್ಲಿನ್ನಿನ ಬಣ್ಣಗಾರ ಡೀಸ್‌ಬಾಖನ ಕೈಗೆ ಅಕಸ್ಮಾತ್ತಾಗಿ ಒಂದು ಗಾಢ ನೀಲಿ ಬಣ್ಣ ಸಿಕ್ಕಿತು, ಪ್ರಷ್ಯನ್ ನೀಲಿ. 1782ರಲ್ಲಿ ಸ್ವೀಡನ್ನಿನ ಷೀಲೆ ಆ ನೀಲಿಯಿಂದ ಆಮ್ಲವನ್ನು ಹೊರತೆಗೆದನು. ಪ್ರಸ್ಸಿಕ್ ಎಂಬ ಹೆಸರು ಬಂದದ್ದು ಹೀಗೆ. ನೀಲಿಯಿಂದ ಆಮ್ಲ ಬಂದರೆ ಆಮ್ಲದಿಂದ ನೀಲಿಯೂ ಬರಬೇಕಲ್ಲವೆ? ಶಂಕಿತ ಪದಾರ್ಥವನ್ನು ಬಟ್ಟಿ ಇಳಿಸಿ, ಕ್ಷಾರವನ್ನೂ ಕಬ್ಬಿಣದ ಉಪ್ಪನ್ನೂ ಸೇರಿಸಿ ಕಾಯಿಸಿ, ಕೊನೆಗೆ ಆಮ್ಲ ಬೆರೆಸಿದಾಗ ನೀಲಿ ಮೂಡಿದರೆ ಸಯನೈಡು ಇದ್ದಿತೆಂದು ಅರ್ಥ.

ಆದರೆ ಬಟ್ಟಿ, ಬೆಂಕಿ, ಪ್ರಯೋಗಶಾಲೆ ಇವೆಲ್ಲ ಹೊಲದ ಬದುವಿಗೆ ಬರಲಾರವು. ಫ್ರಾನ್ಸಿನ ಸಸ್ಯಜ್ಞ ಲೇಯೋನ್ ಗಿನ್ಯಾರ್ 1906ರಲ್ಲಿ ಈ ತೊಡಕನ್ನು ಒಂದು ಕಾಗದದ ಚೂರಿನಿಂದ ಬಿಡಿಸಿದನು. ಸೋಸುಕಾಗದವನ್ನು ಪಿಕ್ರಿಕ್ ಆಮ್ಲದಲ್ಲಿಯೂ ಸೋಡಾದಲ್ಲಿಯೂ ಅದ್ದಿ ಒಣಗಿಸಿದರೆ ಅದು ಅರಿಶಿನದ ಬಣ್ಣ ತಾಳುತ್ತದೆ. ಎಳೆಜೋಳದ ಎಲೆಯನ್ನು ಸಣ್ಣಗೆ ಕತ್ತರಿಸಿ ಗಾಜಿನ ನಳಿಗೆಯಲ್ಲಿ ಹಾಕಿ, ಕೋಶಗಳು ಬೇಗ ಒಡೆಯಲೆಂದು ಎರಡು ಹನಿ ಕ್ಲೋರೊಫಾರಂ ಬಿಟ್ಟು, ಎಲೆಗೆ ತಾಕದಂತೆ ಈ ಪಟ್ಟಿಯನ್ನು ಬಿರಡೆಯಿಂದ ತೂಗುಬಿಟ್ಟು ಕಾಯಬೇಕು. ಆವಿ ಏರಿದಂತೆ ಅರಿಶಿನ ಕಿತ್ತಳೆಯಾಗಿ, ಕಿತ್ತಳೆ ಇಟ್ಟಿಗೆಯ ಕೆಂಪಾಗಿ ತಿರುಗುತ್ತದೆ. ಎಷ್ಟು ಬೇಗ ಎಷ್ಟು ಕೆಂಪು ಎಂಬುದನ್ನು ನೋಡಿ ವಿಷದ ಪ್ರಮಾಣವನ್ನು ಸ್ಥೂಲವಾಗಿ ಹೇಳಬಹುದು. ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದನ್ನು ದಿನವೂ ಆರತಿಯ ತಟ್ಟೆಯಲ್ಲಿ ಕಾಣುವ ನಮ್ಮ ಹೆಂಗಸರಿಗೆ ಈ ಪರೀಕ್ಷೆ ವಿಸ್ಮಯವೆನಿಸದು.

ಇದರ ಸರಳತೆಯ ಬೆಲೆ ತಿಳಿಯಬೇಕಾದರೆ ಕಡಲಿನ ಕಡೆಗೆ ಒಮ್ಮೆ ಕಣ್ಣು ಹಾಯಿಸಬೇಕು. ಬೆದರಿದಾಗ ಮೈಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನಿನ ಯಕೃತ್ತನ್ನೂ ಮೊಟ್ಟೆಗಳನ್ನೂ 1774ರ ಸೆಪ್ಟೆಂಬರಿನಲ್ಲಿ ನ್ಯೂ ಕ್ಯಾಲಿಡೋನಿಯದ ದಡದಲ್ಲಿ ರುಚಿ ನೋಡಿದ ನಾವಿಕ ಕುಕ್ ಕೈಕಾಲು ಮರಗಟ್ಟಿ ಸಾವಿನ ಹೊಸ್ತಿಲಿನಿಂದ ಹಿಂದಿರುಗಿದನು. ಅದರ ಕರುಳನ್ನು ತಿಂದ ಹಡಗಿನ ಹಂದಿ ಬೆಳಗಾಗುವುದರೊಳಗೆ ಸತ್ತಿತು. ಜಪಾನಿನ ತಹಾರಾ ಅದರ ವಿಷಕ್ಕೆ 1909ರಲ್ಲಿ ಟೆಟ್ರೊಡೊಟಾಕ್ಸಿನ್ ಎಂದು ಹೆಸರಿಟ್ಟನಾದರೂ ಅದರ ರಚನೆ ಬಯಲಾದದ್ದು 1964ರಲ್ಲಿ. ನರಗಳಲ್ಲಿ ಸೋಡಿಯಂ ಹರಿಯುವ ದಾರಿಯನ್ನು ಮುಚ್ಚಿಬಿಡುವ ಆ ವಿಷಕ್ಕೆ ಪ್ರತಿವಿಷವಿಲ್ಲ. ಮೂಲತಃ ಅದು ಮೀನಿನದೂ ಅಲ್ಲ, ಕಡಲಿನ ಬ್ಯಾಕ್ಟೀರಿಯಗಳಿಂದ ಬಂದದ್ದು. ಪತ್ತೆಗೆ ಬಹುಕಾಲ ಇದ್ದ ಮಾನದಂಡ ಒಂದು ಇಲಿ: ಇಪ್ಪತ್ತು ಗ್ರಾಮಿನ ಇಲಿಯನ್ನು ಅರ್ಧ ಗಂಟೆಯಲ್ಲಿ ಕೊಲ್ಲುವಷ್ಟಕ್ಕೆ ಒಂದು ‘ಇಲಿಯ ಮಾನ’. ಈಗ ಅದರ ಸ್ಥಾನದಲ್ಲಿ ಅಣುಗಳನ್ನು ತೂಗುವ ದುಬಾರಿ ಯಂತ್ರಗಳು ಬಂದಿವೆ. ಉಬ್ಬುಮೀನು ತಿನ್ನುವವನಿಗೆ ಪರವಾನಗಿ ಪಡೆದ ಅಡಿಗೆಯವನೂ ಯಂತ್ರವೂ ಬೇಕು. ಜೋಳ ಬೆಳೆಯುವವನಿಗೆ ಅರಿಶಿನದ ಬಣ್ಣದ ಒಂದು ಕಾಗದ ಸಾಕು. ಮತ್ತು ಅವನ ವಿಷಕ್ಕೆ ಪ್ರತಿವಿಷವೂ ಉಂಟು.

ಆ ಪ್ರತಿವಿಷದಲ್ಲಿ ಪಂಜಾಬಿನ ಪೀಸನಿಗೆ ಒಂದು ತಡವಾದ ನ್ಯಾಯ ಅಡಗಿದೆ. 1933ರಲ್ಲಿ ಅಮೆರಿಕದಲ್ಲಿ ಕೆ. ಕೆ. ಚೆನ್ ಮತ್ತು ಸಹೋದ್ಯೋಗಿಗಳು ಸೋಡಿಯಂ ನೈಟ್ರೈಟನ್ನೂ ಸೋಡಿಯಂ ಥಯೋಸಲ್ಫೇಟನ್ನೂ ರಕ್ತನಾಳಕ್ಕೆ ಕೊಟ್ಟು ಸಯನೈಡಿನ ಬಾಯಿಂದ ಪ್ರಾಣಿಗಳನ್ನು ಬಿಡಿಸಬಹುದೆಂದು ತೋರಿಸಿದರು. ಇಂದಿಗೂ ಪಶುವೈದ್ಯರ ಚೀಲದಲ್ಲಿರುವುದು ಈ ಜೋಡಿಯೇ. ನೈಟ್ರೈಟು ರಕ್ತದ ವರ್ಣದ್ರವ್ಯದ ಒಂದು ಪಾಲನ್ನು ಕೆಡಿಸುತ್ತದೆ. ಕೆಟ್ಟ ಆ ಪಾಲು ಸಯನೈಡನ್ನು ಕೋಶಗಳಿಂದ ತನ್ನತ್ತ ಸೆಳೆದುಕೊಳ್ಳುತ್ತದೆ. ಥಯೋಸಲ್ಫೇಟು ಅದನ್ನು ನಿರುಪದ್ರವಿಯಾಗಿ ಮಾಡಿ ಮೂತ್ರದಲ್ಲಿ ಕಳುಹಿಸುತ್ತದೆ. ನೈಟ್ರೈಟು ಹುಟ್ಟುವುದಾದರೋ ದನದ ಹೊಟ್ಟೆಯಲ್ಲಿ, ಪೀಸನು ದಂಟಿನಲ್ಲಿ ಕಂಡ ಅದೇ ನೈಟ್ರೇಟಿನಿಂದ. ಬರದಲ್ಲಿ ನಿಂತ ಜೋಳ ನೈಟ್ರೇಟನ್ನೂ ಕೂಡಿಡುತ್ತದೆಂದೂ, ಅದು ಮಿತಿ ಮೀರಿದರೆ ರಕ್ತ ಕಂದುಬಣ್ಣಕ್ಕೆ ತಿರುಗಿ ದನ ಬೇರೊಂದು ಬಗೆಯಿಂದ ಉಸಿರುಗಟ್ಟಿ ಸಾಯುತ್ತದೆಂದೂ ಪಶುವೈದ್ಯರು ಇಂದು ಒಪ್ಪುತ್ತಾರೆ. ಒಂದೇ ದಂಟಿನಲ್ಲಿ ಎರಡು ವಿಷ. ಒಂದು ರಕ್ತವನ್ನು ಕೆಂಪಾಗಿರಿಸುತ್ತದೆ, ಇನ್ನೊಂದು ಕಂದಾಗಿಸುತ್ತದೆ. ಮೊದಲನೆಯದಕ್ಕೆ ಪಿಕ್ರೇಟು ಕಾಗದ ಕೆಂಪಾಗುತ್ತದೆ. ಎರಡನೆಯದಕ್ಕೆ ಸೀಳಿದ ದಂಟಿನ ಮೇಲೆ ಡೈಫಿನೈಲಮೈನ್ ದ್ರಾವಣದ ಹನಿ ಬಿದ್ದರೆ ನೀಲಿ ಮೂಡುತ್ತದೆ. ಎಲ್ಲರೂ ನಕ್ಕು ಬದಿಗಿಟ್ಟ ಸಾಕ್ಷಿ ಅರ್ಧ ಸತ್ಯವನ್ನು ಹೇಳಿದ್ದನು.

ಇತ್ತ ಹೊಲದ ಜೋಳವೂ ಬದಲಾಗುತ್ತಿದ್ದಿತು. 1964ರಲ್ಲಿ ಸಿ.ಎಸ್.ಎಚ್.–1 ಎಂಬ ಭಾರತದ ಮೊದಲ ಸಂಕರ ಜೋಳ ಬಿಡುಗಡೆಯಾಯಿತು. ಜನ ಅದನ್ನೂ ಅದರ ತಮ್ಮಂದಿರನ್ನೂ ‘ಹೈಬ್ರಿಡ್ ಜೋಳ’ವೆಂದೇ ಕರೆದರು. ಅದರ ಬೆನ್ನಿಗೆ ಯೂರಿಯಾ ಬಂದಿತು. ಸಾರಜನಕ ಹೆಚ್ಚಾದಷ್ಟೂ ಎಳೆಯ ಪೈರಿನಲ್ಲಿ ಧುರ್ರಿನ್ನೂ ನೈಟ್ರೇಟೂ ಏರುತ್ತವೆಯಾದ್ದರಿಂದ, ಹಳೆಯ ಕಟ್ಟಳೆ ಸಡಿಲವಾಗುವ ಕಾಲದಲ್ಲಿಯೇ ಅದರ ಅಗತ್ಯ ಹೆಚ್ಚಿತೆನ್ನಬೇಕು. ಆಮೇಲೆ ಈ ನಾಲ್ಕು ತಾಲೂಕುಗಳ ಮುಂಗಾರಿ ಹೊಲಗಳಿಂದ ಜೋಳವೇ ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದದ್ದು ಮೆಕ್ಕೆಜೋಳ. ನಮ್ಮವರ ಬಾಯಲ್ಲಿ ಅದು ‘ಗೋವಿನಜೋಳ’. ಹಸುವನ್ನು ಕೊಲ್ಲಬಲ್ಲ ಧಾನ್ಯಕ್ಕೆ ಬರಿಯ ಜೋಳವೆಂದೂ, ಪೇಟೆಗೆ ಹೋಗುವ ಧಾನ್ಯಕ್ಕೆ ಗೋವಿನಜೋಳವೆಂದೂ ಹೆಸರು ಬಿದ್ದುದನ್ನು ನೋಡಿದರೆ ಭಾಷೆಗೂ ಒಂದು ವಿನೋದಬುದ್ಧಿ ಇದ್ದಂತಿದೆ.

ಸುಳಿ ಕೊಂದರೂ ಕಾಳು ಕೊಲ್ಲದೆಂಬ ಭರವಸೆ ಮಾತ್ರ ಇನ್ನೂ ಅಲುಗಿರಲಿಲ್ಲ. ಬಲಿತ ಜೋಳದ ಕಾಳಿನಲ್ಲಿ ಧುರ್ರಿನ್ ಇಲ್ಲವೆನ್ನುವಷ್ಟು ಕಡಮೆ. ಆ ಭರವಸೆಗೂ ಪೆಟ್ಟು ಬಿದ್ದದ್ದು 1995ರಲ್ಲಿ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳದ ಮತ್ತು ಗೋವಿನಜೋಳದ ರೊಟ್ಟಿಯನ್ನು ತಿಂದ ದಖ್ಖನ ಪ್ರಸ್ಥಭೂಮಿಯ ಹಳ್ಳಿಗರಲ್ಲಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ಹೊಟ್ಟೆನೋವು, ಕರುಳಿನ ಗುಡುಗುಡು, ಭೇದಿ ಕಾಣಿಸಿಕೊಂಡವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ ಭಟ್ ಮತ್ತು ಸಂಗಡಿಗರು ಐವತ್ತು ಹಳ್ಳಿಗಳನ್ನು ಪರಿಶೀಲಿಸಿದಾಗ ಇಪ್ಪತ್ತೇಳರಲ್ಲಿ ಈ ಬೇನೆ ಇದ್ದಿತು; ಕೆಟ್ಟ ಕಾಳನ್ನು ಬಿಟ್ಟ ಕೂಡಲೇ ಎಲ್ಲರೂ ಗುಣವಾದರು, ಯಾರೂ ಸಾಯಲಿಲ್ಲ. ಕಾಳಿನಲ್ಲಿ ಸಿಕ್ಕಿದ್ದು ಫ್ಯುಸೇರಿಯಂ ಎಂಬ ಬೂಷ್ಟು ಮತ್ತು ಅದು ಸ್ರವಿಸುವ ಫ್ಯುಮೊನಿಸಿನ್ ಎಂಬ ವಿಷ. ಜೋಳದಲ್ಲಿ ಕಿಲೋವೊಂದಕ್ಕೆ 7.8 ಮಿಲಿಗ್ರಾಂವರೆಗೆ, ಗೋವಿನಜೋಳದಲ್ಲಿ 64.7ರವರೆಗೆ. ಈ ವಿಷದ ಇರವೇ ಲೋಕಕ್ಕೆ ತಿಳಿದದ್ದು 1988ರಲ್ಲಿ, ದಕ್ಷಿಣ ಆಫ್ರಿಕದ ವಿಜ್ಞಾನಿಗಳಿಂದ. ಇದನ್ನು ಹಿಡಿಯಲು ಅರಿಶಿನದ ಕಾಗದವೂ ಸಾಲದು, ಇಳಿಬಿಟ್ಟ ದೀಪವೂ ಸಾಲದು. ಯಂತ್ರದ ಅಳತೆಯ ಜೊತೆಗೆ, ರೋಗಿಗಳ ಮನೆಯ ಅದೇ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ತಿನ್ನಿಸಿ, ಅವುಗಳಿಗೂ ಅದೇ ಬೇನೆ ಬಂದದ್ದನ್ನು ಕಂಡ ಮೇಲೆ ಸಂಶೋಧಕರು ತಮ್ಮ ವರದಿಯನ್ನು 1997ರಲ್ಲಿ ಪ್ರಕಟಿಸಿದರು.

ಹಿಂಗಾರಿ ಜೋಳವನ್ನು ಬಿಡದೆ ಬಿತ್ತುವವರೂ, ಹಾಲಿನ ಆಸೆಗೆ ಮೇವಿನ ಜೋಳವನ್ನು ಹೊಸದಾಗಿ ಹಿಡಿದವರೂ ಈ ತಾಲೂಕುಗಳಲ್ಲಿ ಇಂದಿಗೂ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೆ. ತೆನೆ ಹೊರಡುವ ತನಕ ಹಸಿ ಜೋಳವನ್ನು ಕೊಯ್ದು ಹಾಕಬೇಡಿರಿ. ಒಣಗಿದ ಹೊಲಕ್ಕೆ ಮಳೆಯಾದ ಮೇಲಿನ ಚಿಗುರನ್ನೂ ಕೂಳೆಯ ಸುಳಿಯನ್ನೂ ನಂಬಬೇಡಿರಿ. ದನವೊಂದು ಹಸಿ ಜೋಳ ತಿಂದು ತತ್ತರಿಸಿದರೆ ಹಾವಿನ ಮಂತ್ರದವನನ್ನು ಕರೆಯದೆ ಪಶುವೈದ್ಯರನ್ನು ಕರೆಯಿರಿ, ಏನು ತಿಂದಿತೆಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಿರಿ, ತಿಂದ ಪೈರಿನ ಒಂದು ಹಿಡಿ ಎಲೆಯನ್ನು ಡಬ್ಬಿಯಲ್ಲಿ ಮುಚ್ಚಿ ಅವರ ಕೈಗೆ ಕೊಡಿರಿ. ತೆರೆದಿಟ್ಟರೆ ಆವಿ ಹಾರಿಹೋಗಿ, ಕಾಗದ ಹಳದಿಯಾಗಿಯೇ ಉಳಿಯುತ್ತದೆ.